ಜೀಪಿನ ಹೊಟ್ಟೆ, ಬಂಕಿನ ದೂರ

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಾಯಿಸುವ ವಾಹನಗಳು ಒಂದು ಕಾಲಕ್ಕೆ ಸೇನೆಯ, ಅರಣ್ಯ ಇಲಾಖೆಯ ಮತ್ತು ಮಲೆನಾಡಿನ ತೋಟದ ಮನೆಗಳ ಸೊತ್ತಾಗಿದ್ದವು. ಈಗ ಅವು ನಗರದ ಮಧ್ಯಮ ವರ್ಗದ ಅಂಗಳಕ್ಕೂ ಬಂದಿವೆ. ಅವುಗಳ ಜೊತೆಯಲ್ಲೇ ಬಂದ ಹಲವು ಬಯಕೆಗಳಲ್ಲಿ ಒಂದು, ದೂರ ಪ್ರಯಾಣಕ್ಕೆಂದು ದೊಡ್ಡ ಇಂಧನ ಟ್ಯಾಂಕ್ ಅಳವಡಿಸಿಕೊಳ್ಳಬೇಕೆಂಬುದು. ಕಾರ್ಖಾನೆ ಕೊಟ್ಟ ಟ್ಯಾಂಕನ್ನು ಕಳಚಿ ಅದಕ್ಕಿಂತ ಹಿರಿದಾದುದನ್ನು ಕೂರಿಸುವುದು ಒಂದು ಬಗೆ. ಇದ್ದುದನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ಎರಡನೆಯದನ್ನು ಜೋಡಿಸುವುದು ಇನ್ನೊಂದು. ಮೇಲ್ನೋಟಕ್ಕೆ ಇದು ಗ್ಯಾರೇಜಿನವರು ತೀರ್ಮಾನಿಸಬೇಕಾದ ವಿಷಯ ಎನಿಸುತ್ತದೆ. ಆದರೆ ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನಂಥ ಊರಿನಲ್ಲಿ ನಿಂತು ನೋಡಿದರೆ ಇದಕ್ಕೆ ಬೇರೊಂದು ಮುಖವಿದೆ. ನಾಗರಿಕನೊಬ್ಬ ಎಷ್ಟು ಲೀಟರ್ ಇಂಧನ ಹೊತ್ತು ತಿರುಗಬೇಕಾಗಿದೆ ಎಂಬುದು, ಸಾರ್ವಜನಿಕ ಸೌಕರ್ಯ ಅವನಿಂದ ಎಷ್ಟು ದೂರದಲ್ಲಿದೆ ಎಂಬುದರ ಅಳತೆಯೂ ಹೌದು. ಆದ್ದರಿಂದ ಸೀತೂರಿನ ಜೀಪಿಗೆ ಎಷ್ಟು ದೊಡ್ಡ ಟ್ಯಾಂಕ್ ಬೇಕು ಎಂಬ ಪ್ರಶ್ನೆಯನ್ನು ಲೆಕ್ಕ, ಯಂತ್ರ ಮತ್ತು ಕಾನೂನು ಈ ಮೂರರ ಬೆಳಕಿನಲ್ಲೂ ಪರಿಶೀಲಿಸುವುದು ಉಚಿತ.

ದೊಡ್ಡ ಟ್ಯಾಂಕಿನ ತವರು

ಇಂಥ ಟ್ಯಾಂಕುಗಳು ನಿಜಕ್ಕೂ ಬಳಕೆಯಲ್ಲಿರುವ ದೇಶ ಆಸ್ಟ್ರೇಲಿಯ. ಅಲ್ಲಿಯ ಪಶ್ಚಿಮ ಭಾಗದ ಮರುಭೂಮಿಗಳನ್ನು ಹಾಯುವ ಕ್ಯಾನಿಂಗ್ ಸ್ಟಾಕ್ ರೂಟ್ ಹಿಂದೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಹಾದಿ. ಅದರ ಉದ್ದ ಸುಮಾರು 1850 ಕಿ.ಮೀ. ಒಂದಾದ ಮೇಲೊಂದು ಬರುವ ಮರಳ ದಿಬ್ಬಗಳನ್ನು ಏರಿ ಇಳಿಯುವಾಗ ವಾಹನ ಕುಡಿಯುವ ಇಂಧನಕ್ಕೆ ಲೆಕ್ಕವಿರದು. ನಡುವೆ ಇಂಧನ ದೊರೆಯುವ ತಾಣಗಳು ಬೆರಳೆಣಿಕೆಯಷ್ಟು. ಆ ದೇಶದ ರೈತರೂ ಗಣಿ ಕಂಪನಿಗಳೂ ಮೆಚ್ಚಿ ಬಳಸುವ ಟೊಯೊಟಾ ಲ್ಯಾಂಡ್ ಕ್ರೂಸರ್ 79 ವಾಹನಕ್ಕೆ ಕಾರ್ಖಾನೆಯಲ್ಲೇ 130 ಲೀಟರಿನ ಟ್ಯಾಂಕ್ ಕೂರಿಸಿರುತ್ತಾರೆ. ಅಷ್ಟೂ ಸಾಲದೆಂದು ಇನ್ನೂ ಹಿರಿದಾದುದನ್ನು ಅಳವಡಿಸುವವರಿದ್ದಾರೆ. ಅಂಥ ಟ್ಯಾಂಕುಗಳನ್ನು ಪ್ರತಿಯೊಂದು ಮಾದರಿಯ ವಾಹನಕ್ಕೂ ಅಳತೆಗೆ ತಕ್ಕಂತೆ ತಯಾರಿಸುವ ಉದ್ಯಮವೇ ಅಲ್ಲಿ ಬೆಳೆದಿದೆ. ಅಲ್ಲಿ ಇಂಧನ ಮುಗಿದರೆ ನೀರಿಲ್ಲದ ಬಯಲಿನಲ್ಲಿ ಪ್ರಾಣಕ್ಕೇ ಕುತ್ತು. ಹೀಗಾಗಿ ಆ ದೇಶದಲ್ಲಿ ದೊಡ್ಡ ಟ್ಯಾಂಕ್ ಅಗತ್ಯದಿಂದ ಹುಟ್ಟಿದ ವಸ್ತು.

ನಮ್ಮ ಜೀಪಿನ ಚರಿತ್ರೆ ಬೇರೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪಿನ ಟ್ಯಾಂಕು ಚಾಲಕನ ಆಸನದ ಕೆಳಗಿತ್ತು. ಅದರ ಗಾತ್ರ 15 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 57 ಲೀಟರ್. ಆ ಜೀಪಿನ ವಂಶವೇ 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯ ಮೂಲಕ ಭಾರತದಲ್ಲಿ ಬೇರುಬಿಟ್ಟಿತು. 2020ರಲ್ಲಿ ಹೊಸ ರೂಪ ತಳೆದು ಬಂದ ಥಾರ್ ವಾಹನದ ಟ್ಯಾಂಕಿನ ಗಾತ್ರವೂ 57 ಲೀಟರ್! ಎಂಬತ್ತು ವರ್ಷಗಳಲ್ಲಿ ಎಂಜಿನ್, ಗೇರು, ಬ್ರೇಕು, ಆಸನ ಎಲ್ಲವೂ ಬದಲಾದರೂ ಹೊಟ್ಟೆಯ ಅಳತೆ ಮಾತ್ರ ಅಷ್ಟೇ ಉಳಿದಿರುವುದು ಕುತೂಹಲಕರ.

ಯುದ್ಧಕಾಲದಲ್ಲಿಯೂ 57 ಲೀಟರ್ ಸಾಲುತ್ತಿರಲಿಲ್ಲ. ಅದಕ್ಕೆ ಸೇನೆಗಳು ಕಂಡುಕೊಂಡ ಪರಿಹಾರ ಟ್ಯಾಂಕನ್ನು ಹಿಗ್ಗಿಸುವುದಾಗಿರಲಿಲ್ಲ, ಜೀಪಿನ ಹಿಂಬದಿಯಲ್ಲಿ ಒಂದು ಕ್ಯಾನು ಕಟ್ಟುವುದಾಗಿತ್ತು. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷರು ಬಳಸುತ್ತಿದ್ದ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಗಳು ದಾರಿಯಲ್ಲೇ ಸೋರಿ ಅಪಾರ ಪೆಟ್ರೋಲ್ ಮರಳಿನ ಪಾಲಾಯಿತು. ಜರ್ಮನ್ನರ ಬಳಿ ಇದ್ದ 20 ಲೀಟರಿನ ಗಟ್ಟಿ ಉಕ್ಕಿನ ಕ್ಯಾನು ಮಾತ್ರ ಸೋರುತ್ತಿರಲಿಲ್ಲ. ಒಬ್ಬನೂ ಎತ್ತಬಹುದು, ಇಬ್ಬರೂ ಹಿಡಿಯಬಹುದು ಎಂಬಂತೆ ಅದಕ್ಕೆ ಮೂರು ಹಿಡಿಕೆಗಳಿದ್ದವು. ಅದನ್ನೇ ನಕಲು ಮಾಡಿಕೊಂಡ ಬ್ರಿಟಿಷ್ ಸೈನಿಕರು ಜರ್ಮನ್ನರಿಗೆ ತಾವಿಟ್ಟಿದ್ದ ‘ಜೆರಿ’ ಎಂಬ ಅಡ್ಡಹೆಸರನ್ನು ಕ್ಯಾನಿಗೂ ಅಂಟಿಸಿದರು. ಇಂದಿಗೂ ಅದು ಜೆರಿಕ್ಯಾನ್.

ಸೀತೂರಿನ ಲೆಕ್ಕ

ಇನ್ನು ಮಲೆನಾಡಿಗೆ ಬರೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಊರೆಂದರೆ ಒತ್ತಾಗಿ ಸಾಲುಗಟ್ಟಿ ನಿಂತ ಮನೆಗಳಲ್ಲ. ಅಡಿಕೆ ತೋಟದ ತಲೆಯಲ್ಲೊಂದು, ಗದ್ದೆಯ ಅಂಚಿನಲ್ಲೊಂದು, ಗುಡ್ಡದ ಓರೆಯಲ್ಲೊಂದು ಹೀಗೆ ಚದುರಿದ ಒಂಟಿ ಮನೆಗಳು. ಮನೆಗೂ ಡಾಂಬರು ರಸ್ತೆಗೂ ನಡುವೆ ಹಲವೆಡೆ ಮಣ್ಣಿನ ದಾರಿ, ಒಂದು ಹಳ್ಳ, ಒಂದು ಏರು. ಮಳೆಗಾಲದ ಈ ದಾರಿಯಲ್ಲಿ ಸಾಮಾನ್ಯ ಕಾರು ಹೂತು ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿಯ ತೋಟದ ಮನೆಗಳಲ್ಲಿ ಜೀಪು ಶೋಕಿಯ ವಸ್ತುವಾಗಲಿಲ್ಲ. ಗೊಬ್ಬರ ತರುವುದು, ಅಡಿಕೆ ಮೂಟೆಯನ್ನು ಮಂಡಿಗೆ ಸಾಗಿಸುವುದು, ಕೂಲಿಯಾಳುಗಳನ್ನು ಕರೆತರುವುದು, ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು ಎಲ್ಲಕ್ಕೂ ಅದೇ ಒಂದು ವಾಹನ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದ ನಂತರವೂ ಮಣ್ಣು ದಾರಿಯ ತುದಿಯ ಮನೆಗಳಿಂದ ಮುಖ್ಯರಸ್ತೆಯವರೆಗೆ ರೋಗಿಯನ್ನು ತಲುಪಿಸುವ ಹೊಣೆ ನೆರೆಯವರ ಜೀಪಿನದೇ.

ಆದರೆ ದೂರಗಳು ಆಸ್ಟ್ರೇಲಿಯದವಲ್ಲ. ಬೆಟ್ಟದ ದಾರಿಯಲ್ಲಿ ಲೀಟರಿಗೆ 10 ಕಿ.ಮೀ. ಎಂದು ಹಿಡಿದರೂ 57 ಲೀಟರಿಗೆ 570 ಕಿ.ಮೀ. ಆಗುತ್ತದೆ. ಶೃಂಗೇರಿಯಿಂದ ಬೆಂಗಳೂರಿಗೆ ಸುಮಾರು 330 ಕಿ.ಮೀ. ತುಂಬಿದ ಟ್ಯಾಂಕಿನೊಂದಿಗೆ ಹೊರಟ ಜೀಪು ರಾಜಧಾನಿ ಮುಟ್ಟಿ, ಮರಳುವ ದಾರಿಯಲ್ಲಿ ಮೂರನೆಯ ಎರಡು ಭಾಗ ಕ್ರಮಿಸಿದ ಮೇಲೂ ಇನ್ನೂ ಓಡುತ್ತಿರುತ್ತದೆ. ದೂರವನ್ನಷ್ಟೇ ನೋಡಿದರೆ ಮಲೆನಾಡಿಗೆ ದೊಡ್ಡ ಟ್ಯಾಂಕ್ ಬೇಕಿಲ್ಲ ಎಂದು ಇಲ್ಲಿಗೇ ಚರ್ಚೆ ಮುಗಿಸಬಹುದು.

ಹಾಗೆ ಮುಗಿಸಲಾಗದು. ಏಕೆಂದರೆ ಟ್ಯಾಂಕಿನ ಗಾತ್ರವನ್ನು ನಿರ್ಧರಿಸುವುದು ಪ್ರಯಾಣದ ದೂರಕ್ಕಿಂತ ಹೆಚ್ಚಾಗಿ ಬಂಕಿಗೆ ಹೋಗಿಬರುವ ಖರ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಮಸ್ಯೆ. ಒಂದು ಕಾರ್ಖಾನೆ ಪ್ರತಿ ಸಲ ಎಷ್ಟು ಸರಕು ತರಿಸಬೇಕು ಎಂಬುದಕ್ಕೆ 1913ರಲ್ಲಿ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಒಂದು ಸೂತ್ರ ಕೊಟ್ಟ. 1952ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ ಅದೇ ತರ್ಕವನ್ನು ಜನ ಕೈಯಲ್ಲಿಟ್ಟುಕೊಳ್ಳುವ ನಗದಿಗೆ ಅನ್ವಯಿಸಿದ. ತರುವ ಓಡಾಟದ ಖರ್ಚು ಹೆಚ್ಚಿದ್ದರೆ ಒಮ್ಮೆಗೇ ಹೆಚ್ಚು ತರಬೇಕು. ಸಂಗ್ರಹದಲ್ಲಿ ಹಣ ಕಟ್ಟಿಹಾಕುವ ಖರ್ಚು ಹೆಚ್ಚಿದ್ದರೆ ಕಡಿಮೆ ತರಬೇಕು. ಎರಡೂ ಸಮತೂಗುವ ಪ್ರಮಾಣವೇ ಲಾಭದಾಯಕ ಪ್ರಮಾಣ. ಸೂತ್ರದ ರೀತ್ಯ ಅದು ವರ್ಷದ ಬಳಕೆ ಮತ್ತು ಒಂದು ಓಡಾಟದ ಖರ್ಚಿನ ಗುಣಲಬ್ಧದ ಎರಡರಷ್ಟನ್ನು, ಒಂದು ಲೀಟರನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲ.

ಮಲೆನಾಡಿನ ಗೃಹಿಣಿಗೆ ಈ ತರ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಸೌದೆ ಕೊಟ್ಟಿಗೆ ತುಂಬಿಸುವುದು, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಕ್ಕೆ ಹಾಕುವುದು, ಮಿಡಿ ಉಪ್ಪಿನಕಾಯಿಯ ಜಾಡಿ ಕಟ್ಟುವುದು ಇವೆಲ್ಲ ಅದೇ ಸೂತ್ರದ ಅನುಷ್ಠಾನ.

ಅದನ್ನು ಜೀಪಿಗೆ ಅನ್ವಯಿಸಿ ನೋಡೋಣ. ವಾರಕ್ಕೆ 200 ಕಿ.ಮೀ. ಓಡುವ ಜೀಪಿಗೆ ವಾರಕ್ಕೆ 20 ಲೀಟರ್, ವರ್ಷಕ್ಕೆ 1040 ಲೀಟರ್ ಬೇಕು. ಲೆಕ್ಕದ ಅನುಕೂಲಕ್ಕೆ ಡೀಸೆಲ್ ಬೆಲೆ ಲೀಟರಿಗೆ 90 ರೂಪಾಯಿ, ಬಡ್ಡಿ ಶೇ 8 ಎಂದಿಟ್ಟುಕೊಂಡರೆ, ಒಂದು ಲೀಟರನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು 7 ರೂಪಾಯಿ 20 ಪೈಸೆ. ಬಂಕಿಗೆ ಹೋಗಿಬರಲು 30 ಕಿ.ಮೀ. ಎನ್ನೋಣ. ಅದಕ್ಕೆಂದೇ ಹೋದರೆ 3 ಲೀಟರ್ ಸುಟ್ಟು 270 ರೂಪಾಯಿ ಖರ್ಚು. ಈ ಅಂಕಿಗಳನ್ನು ಸೂತ್ರಕ್ಕೆ ಹಾಕಿದರೆ ಬರುವ ಉತ್ತರ ಸುಮಾರು 280 ಲೀಟರ್! ಆಸ್ಟ್ರೇಲಿಯದ ದೊಡ್ಡ ಟ್ಯಾಂಕೂ ಇದರ ಮುಂದೆ ಚಿಕ್ಕದು.

ಆದರೆ ಯಾರೂ ಡೀಸೆಲಿಗೆಂದೇ ಪೇಟೆಗೆ ಹೋಗುವುದಿಲ್ಲ. ಸಂತೆ, ಸೊಸೈಟಿ, ಬ್ಯಾಂಕು, ಮದುವೆ, ಮಕ್ಕಳ ಶಾಲೆ ಹೀಗೆ ಏನಾದರೊಂದು ನೆಪದಿಂದ ವಾರಕ್ಕೊಮ್ಮೆಯಾದರೂ ಕೊಪ್ಪಕ್ಕೋ ನರಸಿಂಹರಾಜಪುರಕ್ಕೋ ಬಾಳೆಹೊನ್ನೂರಿಗೋ ಜೀಪು ಹೋಗಿಯೇ ಹೋಗುತ್ತದೆ. ಆಗ ಬಂಕಿನೊಳಕ್ಕೆ ತಿರುಗಿಸಿ ಐದು ನಿಮಿಷ ನಿಲ್ಲುವ ಹೆಚ್ಚುವರಿ ಖರ್ಚು ಹತ್ತು ರೂಪಾಯಿ ಎಂದು ಹಿಡಿದರೆ ಅದೇ ಸೂತ್ರದ ಉತ್ತರ 54 ಲೀಟರಿಗೆ ಇಳಿಯುತ್ತದೆ. ಕಾರ್ಖಾನೆ ಕೊಟ್ಟ 57 ಲೀಟರಿಗೆ ಇದು ಎಷ್ಟು ಹತ್ತಿರ ಎಂಬುದು ಗಮನಾರ್ಹ.

ಈ ಎರಡು ಉತ್ತರಗಳ ನಡುವಿನ ಅಂತರವೇ ಇಡೀ ವಿಷಯದ ತಿರುಳು. ವಾಹನ ಅದೇ, ಬಳಕೆ ಅದೇ, ಇಂಧನದ ಬೆಲೆ ಅದೇ. ಬದಲಾದದ್ದು ಬಂಕಿಗೆ ಹೋಗುವ ಖರ್ಚು ಮಾತ್ರ. ಬಂಕು ದಾರಿಯಲ್ಲಿದ್ದರೆ 57 ಲೀಟರ್ ಸಾಕು. ಬಂಕು ದೂರವಾದರೆ 280 ಲೀಟರೂ ದುಬಾರಿಯಲ್ಲ. ಒಂದು ವಾಹನದ ಟ್ಯಾಂಕನ್ನು ಹಿಗ್ಗಿಸಿದರೆ ಒಂದು ಮನೆಯ ತೊಂದರೆ ನೀಗುತ್ತದೆ. ಬಂಕಿನ ದೂರ ಕುಗ್ಗಿದರೆ ಸುತ್ತಲಿನ ಪ್ರತಿಯೊಂದು ಮನೆಯ ತೊಂದರೆಯೂ ನೀಗುತ್ತದೆ. ಸಾರ್ವಜನಿಕ ಹೂಡಿಕೆಯ ಪರವಾಗಿ ಇದಕ್ಕಿಂತ ಸರಳವಾದ ವಾದ ಇರಲಾರದು.

ಮಳೆಯ ರಾತ್ರಿ

ವಾರದ ಲೆಕ್ಕಕ್ಕೆ ಸಿಗದ ಒಂದು ಸಂದರ್ಭ ಉಳಿದಿದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ, ಅದರ ನೆರೆಯ ಶೃಂಗೇರಿ, ಕೊಪ್ಪ ಭಾಗಗಳ ಮಳೆಯೂ ಕಡಿಮೆಯದೇನಲ್ಲ. ಧರೆ ಕುಸಿದು ರಸ್ತೆ ಮುಚ್ಚುವುದು, ಮರ ಬಿದ್ದು ತಂತಿ ಹರಿಯುವುದು, ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ಇಲ್ಲಿ ವಾಡಿಕೆ. 2019ರ ಆಗಸ್ಟ್ ತಿಂಗಳಲ್ಲಿ ಇದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ಬಂದವು. ಚಾರ್ಮಾಡಿ ಘಾಟಿ ದೀರ್ಘಕಾಲ ಸಂಚಾರಕ್ಕೆ ಮುಚ್ಚಿತು. ಅಂಥ ವಾರದಲ್ಲಿ ಬಂಕಿಗೆ ಹೋಗಿಬರುವ ಖರ್ಚು ಹತ್ತು ರೂಪಾಯಿಯೂ ಅಲ್ಲ, 270 ರೂಪಾಯಿಯೂ ಅಲ್ಲ, ಹೋಗುವುದೇ ಅಸಾಧ್ಯವಾಗಬಹುದು. ಆ ಹೊತ್ತಿಗೆ ಮನೆಯಲ್ಲೊಬ್ಬರಿಗೆ ಎದೆನೋವು ಬಂದರೆ ಟ್ಯಾಂಕಿನ ತಳದಲ್ಲಿರುವ ಕೊನೆಯ ಹತ್ತು ಲೀಟರಿಗೆ ಬೆಲೆ ಕಟ್ಟಲಾಗದು.

ದೊಡ್ಡ ಟ್ಯಾಂಕಿನ ಪರವಾದ ಬಲವಾದ ವಾದ ಇದೇ. ಇದಕ್ಕೂ ಲೆಕ್ಕದ ಉತ್ತರವಿದೆ. ಸೀತೂರಿನ ಸುತ್ತಿನವರು ಗಂಭೀರ ಕಾಯಿಲೆಗೆ ಶಿವಮೊಗ್ಗಕ್ಕೆ ಅಥವಾ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಬೇಕಾಗುತ್ತದೆ. ದೂರದ್ದನ್ನೇ ಆರಿಸಿ, ಘಾಟಿ ಮುಚ್ಚಿ ಸುತ್ತುದಾರಿ ಹಿಡಿಯಬೇಕಾದೀತೆಂದು ಸೇರಿಸಿ, ಹೋಗಿಬರಲು 300 ಕಿ.ಮೀ. ಎಂದೇ ಹಿಡಿಯೋಣ. ಬೇಕಾಗುವುದು 30 ಲೀಟರ್, ಎಂದರೆ 57 ಲೀಟರಿನ ಟ್ಯಾಂಕಿನ ಅರ್ಧಕ್ಕಿಂತ ತುಸು ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಳ್ಳು ಅರ್ಧದ ಗೆರೆಯನ್ನು ಸಮೀಪಿಸಿದ ಕೂಡಲೇ ಟ್ಯಾಂಕು ಖಾಲಿಯಾಯಿತೆಂದೇ ಭಾವಿಸಿ ತುಂಬಿಸುವ ರೂಢಿಯಿದ್ದರೆ, ಎರಡನೆಯ ಟ್ಯಾಂಕು ಕೊಡುವ ಭರವಸೆ ಮೊದಲನೆಯದರಲ್ಲೇ ಸಿಗುತ್ತದೆ. ಅರ್ಧ ಟ್ಯಾಂಕು ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದಕ್ಕೆ ತಗಲುವ ಬಡ್ಡಿ ವರ್ಷಕ್ಕೆ 200 ರೂಪಾಯಿಯ ಆಸುಪಾಸು. ಇಷ್ಟು ಅಗ್ಗದ ವಿಮೆ ಬೇರೆಲ್ಲೂ ದೊರೆಯದು. ಮಾರುತಿ ಜಿಪ್ಸಿ, ಜಿಮ್ನಿಗಳಂಥ 40 ಲೀಟರಿನ ವಾಹನವಿದ್ದವರು ತಮ್ಮ ವಾಹನದ ಇಂಧನಕ್ಷಮತೆಗೆ ತಕ್ಕಂತೆ ಗೆರೆಯನ್ನು ಮುಕ್ಕಾಲಿನವರೆಗೂ ಏರಿಸಿಕೊಳ್ಳಬಹುದು.

ಅಳವಡಿಕೆಯ ಅಪಾಯ

ಇಷ್ಟಾದರೂ ದೊಡ್ಡ ಟ್ಯಾಂಕು ಬೇಕೇಬೇಕು ಎನ್ನುವವರು ಅದರ ಯಂತ್ರಶಾಸ್ತ್ರವನ್ನು ಅರಿತಿರಬೇಕು. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. ಹೆಚ್ಚುವರಿ 50 ಲೀಟರ್ ಎಂದರೆ 40 ಕಿಲೋಗಿಂತ ಹೆಚ್ಚು. ಟ್ಯಾಂಕು, ಪಟ್ಟಿ, ಕೊಳವೆಗಳ ತೂಕ ಸೇರಿದರೆ ಒಬ್ಬ ಪ್ರಯಾಣಿಕನನ್ನು ಸದಾ ಹೊತ್ತು ತಿರುಗಿದಂತೆ. ಆ ತೂಕ ಎಲ್ಲಿ ಕೂರುತ್ತದೆ ಎಂಬುದು ಇನ್ನೂ ಮುಖ್ಯ. ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ತೂಗುಹಾಕಿದ ಭಾರ ತಕ್ಕಡಿಯಂತೆ ವರ್ತಿಸಿ ಮುಂದಿನ ಚಕ್ರಗಳ ಮೇಲಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ಮಳೆಯಲ್ಲಿ ನೆನೆದ ಕಡಿದಾದ ಏರಿನಲ್ಲಿ ಸ್ಟಿಯರಿಂಗ್ ಹಗುರಾಗಿ ವಾಹನ ಹೇಳಿದ ಮಾತು ಕೇಳದಂತಾಗುವುದು ಆಗಲೇ. ಕೆಳಕ್ಕೆ ಜೋತ ಟ್ಯಾಂಕು ಹಳ್ಳ ದಾಟುವಾಗ, ದಿಣ್ಣೆ ಇಳಿಯುವಾಗ ಕಲ್ಲಿಗೆ ತಾಗುವ ಸಂಭವವೂ ಹೆಚ್ಚು.

ಟ್ಯಾಂಕು ಬರಿಯ ಡಬ್ಬವೂ ಅಲ್ಲ. ತಿರುವುಗಳಲ್ಲಿ ಇಂಧನ ಒಂದೇ ಬದಿಗೆ ನುಗ್ಗಿ ವಾಹನವನ್ನು ಓಲಾಡಿಸದಂತೆ ಒಳಗೆ ರಂಧ್ರವಿರುವ ಅಡ್ಡ ತಗಡುಗಳಿರಬೇಕು. ಇಂಧನ ಖಾಲಿಯಾದಂತೆ ಗಾಳಿ ಒಳಬರಲು, ತುಂಬಿಸುವಾಗ ಹೊರಹೋಗಲು ಉಸಿರು ಕೊಳವೆ ಬೇಕು. ವಾಹನ ಮಗುಚಿದರೆ ಅದೇ ಕೊಳವೆಯಿಂದ ಇಂಧನ ಚೆಲ್ಲದಂತೆ ತಡೆಯುವ ಕವಾಟವೂ ಬೇಕು. ಬಿಸಿಲಿಗೆ ಇಂಧನ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಕಂಠಮಟ್ಟ ತುಂಬಿಸಿದ 100 ಲೀಟರ್ ಡೀಸೆಲ್ ಮಧ್ಯಾಹ್ನ 15 ಡಿಗ್ರಿ ಬಿಸಿಯೇರಿದರೆ ಒಂದು ಲೀಟರಿಗೂ ಹೆಚ್ಚು ಉಬ್ಬುತ್ತದೆ. ಅದಕ್ಕೆ ಮೇಲೆ ತೆರವು ಬಿಟ್ಟಿರಬೇಕು. ಇಂದಿನ ಡೀಸೆಲ್ ಎಂಜಿನ್ನುಗಳು ಬಳಸದ ಇಂಧನವನ್ನು ಟ್ಯಾಂಕಿಗೆ ಹಿಂತಿರುಗಿಸುತ್ತವೆ. ಎರಡು ಟ್ಯಾಂಕುಗಳಿದ್ದಾಗ ಒಂದರಿಂದ ಎಳೆದು ಇನ್ನೊಂದಕ್ಕೆ ಮರಳಿಸುವಂತೆ ಕೊಳವೆ ಜೋಡಿಸಿದರೆ ಎರಡನೆಯದು ತುಂಬಿ ಹೊರಚೆಲ್ಲುತ್ತದೆ. ಪೆಟ್ರೋಲ್ ವಾಹನಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಆವಿಯನ್ನು ಹೀರಿ ಹಿಡಿದಿಡುವ ಇದ್ದಿಲಿನ ಡಬ್ಬಿಯೂ ಮಾಲಿನ್ಯ ನಿಯಂತ್ರಣದ ಭಾಗ. ಅವನ್ನು ಬೀದಿಬದಿಯ ಗ್ಯಾರೇಜಿನಲ್ಲಿ ಮುಟ್ಟುವುದು ವಿಹಿತವಲ್ಲ.

ಮಲೆನಾಡಿನ ಹವೆ ಇನ್ನೊಂದು ತೊಡಕು. ಅರೆಖಾಲಿ ಟ್ಯಾಂಕಿನ ಮೇಲ್ಭಾಗದ ತೇವದ ಗಾಳಿ ರಾತ್ರಿ ತಣಿದು ಹನಿಗಟ್ಟಿ ತಳ ಸೇರುತ್ತದೆ. ಡೀಸೆಲಿನ ಅಡಿಯಲ್ಲಿ ನಿಂತ ಆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ; ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಂತೂ ತೇವವನ್ನು ತಾನೇ ಹೀರುತ್ತದೆ. ವರ್ಷಕ್ಕೆ ನಾಲ್ಕು ಸಲ ಮಾತ್ರ ಬಳಕೆಯಾಗುವ ಎರಡನೆಯ ಟ್ಯಾಂಕು ಕೊನೆಗೆ ನೀರು ಶೇಖರಿಸುವ ಪಾತ್ರೆಯಾದೀತು.

ಎಲ್ಲಕ್ಕಿಂತ ಭಯಾನಕವಾದುದು ಬೆಸುಗೆ. ಹಳೆಯ ಟ್ಯಾಂಕನ್ನು ಖಾಲಿ ಮಾಡಿ ಅದಕ್ಕೇ ತಗಡು ಸೇರಿಸಿ ವೆಲ್ಡಿಂಗ್ ಮಾಡುವ ಸಾಹಸ ಪ್ರಾಣಾಂತಿಕ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಹೆಚ್ಚು ಅಪಾಯಕಾರಿ. ಗಾಳಿಯೊಂದಿಗೆ ಬೆರೆತ ಅದಕ್ಕೆ ಒಂದು ಕಿಡಿ ಸಾಕು. ಟ್ಯಾಂಕಿಗೆ ಪೆಟ್ಟು ಬಿದ್ದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಡ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಕಿರುಸೇತುವೆಗೆ ಅಪ್ಪಳಿಸಿದಾಗ ಡೀಸೆಲ್ ಟ್ಯಾಂಕಿಗೆ ಬೆಂಕಿ ಹೊತ್ತಿ 45 ಮಂದಿ ಸುಟ್ಟು ಸತ್ತರು. ಇಂಧನವನ್ನು ವಾಹನದ ಯಾವ ಮೂಲೆಯಲ್ಲಿ, ಎಷ್ಟು ರಕ್ಷಣೆಯೊಳಗೆ ಇಡಬೇಕೆಂಬ ತೀರ್ಮಾನ ಜನರ ಜೀವಕ್ಕೆ ಸಂಬಂಧಿಸಿದ್ದು.

ಕಾನೂನಿನ ಬಾಗಿಲು

ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಸೆಕ್ಷನ್ನಿನಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನೋಂದಣಿ ಪತ್ರದಲ್ಲಿ ಟ್ಯಾಂಕಿನ ಗಾತ್ರ ಬರೆದಿಲ್ಲವಲ್ಲ ಎಂದು ವಾದಿಸುವವರಿರಬಹುದು. ಆದರೆ ಖಾಲಿ ವಾಹನದ ತೂಕ ಅದರಲ್ಲಿರುತ್ತದೆ. ಅಪಘಾತದ ನಂತರ ಈ ವಾದವನ್ನು ವಿಮಾ ಕಂಪನಿಯ ವಕೀಲರೆದುರು ಗೆಲ್ಲಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ದೊಡ್ಡ ಟ್ಯಾಂಕಿನ ಬಗ್ಗೆ ಸರ್ಕಾರಗಳಿಗಿರುವ ಅನುಮಾನಕ್ಕೆ ಸುರಕ್ಷತೆಯೊಂದೇ ಕಾರಣವಲ್ಲ. ಗಡಿಯಾಚೆ ತೆರಿಗೆ ಕಡಿಮೆಯಿದ್ದರೆ ದೊಡ್ಡ ಟ್ಯಾಂಕು ಲಾಭದ ಸಾಧನ. ಕೇರಳಕ್ಕಿಂತ ಕರ್ನಾಟಕದಲ್ಲಿ ಬೆಲೆ ಅಗ್ಗವಿದ್ದಾಗಲೆಲ್ಲ ಕಾಸರಗೋಡಿನ ವಾಹನಗಳು ತಲಪಾಡಿಯ ಈಚೆಗೆ ಬಂದು ತುಂಬಿಸಿಕೊಳ್ಳುತ್ತವೆ. ಪೆಟ್ರೋಲ್ ಅಗ್ಗವಾಗಿರುವ ಮಲೇಷ್ಯಕ್ಕೆ ಹೊರಟ ತನ್ನ ಕಾರುಗಳ ಟ್ಯಾಂಕು ಕನಿಷ್ಠ ಮುಕ್ಕಾಲು ಭಾಗ ತುಂಬಿರಬೇಕೆಂದು ಸಿಂಗಪುರ 1991ರಿಂದ ನಿಯಮ ಮಾಡಿದೆ. ಯುರೋಪಿನ ಒಕ್ಕೂಟದಲ್ಲಿ ಗಡಿ ದಾಟುವ ವಾಹನದ ಇಂಧನಕ್ಕೆ ಸಿಗುವ ತೆರಿಗೆ ವಿನಾಯಿತಿ ತಯಾರಕರೇ ಕೂರಿಸಿದ ಟ್ಯಾಂಕಿಗೆ ಸೀಮಿತ. ಸೀತೂರಿನ ಕೃಷಿಕನಿಗೆ ಈ ಯಾವ ಲಾಭದ ಆಸೆಯೂ ಇಲ್ಲ. ಆದರೆ ನಿಯಮ ಎಲ್ಲರಿಗೂ ಒಂದೇ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರ ತಿದ್ದುಪಡಿ 52ನೇ ಸೆಕ್ಷನ್ನಿಗೆ ಒಂದು ಪರಂತುಕವನ್ನೂ ಸೇರಿಸಿದೆ. ಮಾರ್ಪಾಡು ಮತ್ತು ಮರುಜೋಡಣೆಗೆ ಬೇಕಾದ ಮಾನದಂಡ, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ನಿಗದಿಪಡಿಸಬಹುದು. ಹಾಗೆ ಅನುಮೋದಿತವಾದ ಮಾರ್ಪಾಡಿನಿಂದ ತಯಾರಕರ ವಾರಂಟಿ ರದ್ದಾಗುವುದಿಲ್ಲ ಎಂದು ಅದು ಹೇಳುತ್ತದೆ. ದೊಡ್ಡ ಟ್ಯಾಂಕು ನಿಜವಾಗಿ ಬೇಕಾದವರಿಗೆ ಇದೇ ಹಾದಿ.

ಕ್ಯಾನಿನ ವಿಷಯದಲ್ಲಿ ಕಾನೂನು ಜನ ತಿಳಿದಿರುವುದಕ್ಕಿಂತ ಉದಾರವಾಗಿದೆ. ಪೆಟ್ರೋಲಿಯಂ ಕಾಯ್ದೆ, 1934ರ ಪ್ರಕಾರ ಮಾರಾಟದ ಉದ್ದೇಶವಿಲ್ಲದ 30 ಲೀಟರ್‌ವರೆಗಿನ ಪೆಟ್ರೋಲಿಗೆ ಪರವಾನಗಿ ಬೇಕಿಲ್ಲ. ಆದರೆ ಅದು ಭದ್ರ ಮುಚ್ಚಳದ, 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿರಬೇಕು. ಗಾಜು ಅಥವಾ ಪಿಂಗಾಣಿಯಾದರೆ ಒಂದು ಲೀಟರ್ ಮಾತ್ರ. ವಾಹನ ಅಥವಾ ಎಂಜಿನ್ ಉಳ್ಳವರು ಅದರ ಬಳಕೆಗಾಗಿ, ಟ್ಯಾಂಕಿನಲ್ಲಿರುವುದರ ಹೊರತಾಗಿ 100 ಲೀಟರ್‌ವರೆಗೆ ಇಟ್ಟುಕೊಳ್ಳಬಹುದು. 30 ಲೀಟರ್ ಮೀರಿದರೆ ಜನ ವಾಸಿಸುವ ಕೋಣೆಗಳಿಗೆ ಸಂಪರ್ಕವಿಲ್ಲದ ಪ್ರತ್ಯೇಕ ಜಾಗದಲ್ಲಿಡಬೇಕು. ಬೇಗ ಹೊತ್ತಿಕೊಳ್ಳದ ‘ಬಿ’ ವರ್ಗಕ್ಕೆ ಸೇರುವ ಡೀಸೆಲಿಗೆ 2500 ಲೀಟರ್‌ವರೆಗೆ ಪರವಾನಗಿಯ ಅಗತ್ಯವಿಲ್ಲ. ವಾಸ್ತವದಲ್ಲಿ ನಡೆಯುತ್ತಿರುವುದೇ ಬೇರೆ. ಕಳೆ ಕತ್ತರಿಸುವ ಯಂತ್ರಕ್ಕೆ, ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸುವ ಪಂಪಿಗೆ, ಜನರೇಟರಿಗೆ ಬೇಕಾದ ಪೆಟ್ರೋಲ್ ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಆಳುಕಾಳುಗಳ ಕಾಲಬುಡದಲ್ಲಿ ಪ್ರಯಾಣ ಮಾಡುತ್ತದೆ. ಜೀಪಿಗೆ ಎಷ್ಟು ದೊಡ್ಡ ಡೀಸೆಲ್ ಟ್ಯಾಂಕ್ ಕೂರಿಸಿದರೂ ಈ ಪೆಟ್ರೋಲ್ ಕ್ಯಾನು ತಪ್ಪುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಇಂದು ಇರುವ ನಿಜವಾದ ಇಂಧನ ಅಪಾಯ ಇದೇ.

ಆಗಬೇಕಾದದ್ದು

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಬಂಕಿನ ದೂರವನ್ನು ಕುಗ್ಗಿಸುವುದು. 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಧನ ಮಾರಾಟದ ನಿಯಮಗಳನ್ನು ಸಡಿಲಿಸಿದಾಗ, ಹೊಸದಾಗಿ ಈ ಕ್ಷೇತ್ರಕ್ಕೆ ಬರುವ ಕಂಪನಿಗಳು ಐದು ವರ್ಷಗಳಲ್ಲಿ ಕನಿಷ್ಠ 100 ಬಂಕುಗಳನ್ನು ತೆರೆಯಬೇಕು, ಅವುಗಳಲ್ಲಿ ಶೇ 5ರಷ್ಟಾದರೂ ಅಧಿಸೂಚಿತ ದುರ್ಗಮ ಪ್ರದೇಶಗಳಲ್ಲಿರಬೇಕು ಎಂಬ ಷರತ್ತು ವಿಧಿಸಿತು. ತತ್ತ್ವ ಸರಿಯಾಗಿದೆ. ಆದರೆ ದುರ್ಗಮತೆಯನ್ನು ಭೂಪಟದ ಮೇಲಿನ ಕಿಲೋಮೀಟರಿನಲ್ಲಿ ಅಳೆದರೆ ಮಲೆನಾಡು ಸುಗಮವಾಗಿಯೇ ಕಾಣುತ್ತದೆ. ಮಳೆಗಾಲದ ನಾಲ್ಕು ತಿಂಗಳ ದಾರಿಯನ್ನು ಅಳತೆಗೋಲಾಗಿಸಿದರೆ ಚಿತ್ರ ಬೇರೆ. ಈ ಅಳತೆಗೋಲನ್ನು ಒಪ್ಪಿಸುವ ಕೆಲಸ ರಾಜ್ಯ ಸರ್ಕಾರದ್ದು, ಮಲೆನಾಡಿನ ಜನಪ್ರತಿನಿಧಿಗಳದ್ದು.

ಎರಡನೆಯದಕ್ಕೆ ಹೊಸ ಬಂಕು ಬೇಕಿಲ್ಲ. ಚುನಾವಣೆ, ಪ್ರವಾಹಗಳ ಸಂದರ್ಭದಲ್ಲಿ ಬಂಕುಗಳು ನಿರ್ದಿಷ್ಟ ಪ್ರಮಾಣದ ಇಂಧನವನ್ನು ಕಾಯ್ದಿರಿಸಬೇಕೆಂದು ಜಿಲ್ಲಾಡಳಿತಗಳು ಸೂಚಿಸುವ ಪದ್ಧತಿ ಇದೆ. ಅದನ್ನು ಮಲೆನಾಡಿನ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸ್ಥಾಯಿ ಆದೇಶವಾಗಿಸಬಹುದು. ಕರೆಂಟ್ ಹೋದರೂ ಪಂಪು ನಿಲ್ಲದಂತೆ ಜನರೇಟರ್ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಮೇ ತಿಂಗಳಲ್ಲೇ ಪರಿಶೀಲಿಸಬಹುದು. ತೊಟ್ಟಿಯಲ್ಲಿ ಇಂಧನವಿದ್ದೂ ಪಂಪು ಓಡದಿದ್ದರೆ ರಾತ್ರಿ ಬಂದ ಜೀಪಿಗೆ ಆ ಬಂಕು ಇದ್ದೂ ಇಲ್ಲದಂತೆ.

ಮೂರನೆಯದು, ಮನೆಮನೆಯ ಕ್ಯಾನನ್ನು ಸುರಕ್ಷಿತಗೊಳಿಸುವುದು. ಸಿಂಪಡಣೆ ಯಂತ್ರ, ಕಳೆ ಯಂತ್ರಗಳಿಗೆ ಕೃಷಿ ಇಲಾಖೆಗಳು ಸಹಾಯಧನ ಕೊಡುತ್ತವೆ. ಅದರ ಜೊತೆಯಲ್ಲೇ ಮಾನದಂಡಕ್ಕೊಪ್ಪುವ ಒಂದು ಲೋಹದ ಕ್ಯಾನನ್ನೂ ಕೊಟ್ಟರೆ ತಗಲುವ ಹೆಚ್ಚುವರಿ ಖರ್ಚು ಅಲ್ಪ, ಉಳಿಯುವ ಜೀವ ಅಮೂಲ್ಯ. ಸಹಕಾರ ಸಂಘಗಳ ಮಳಿಗೆಗಳಲ್ಲಿ ಗೊಬ್ಬರದ ಪಕ್ಕದಲ್ಲಿ ಇಂಥ ಕ್ಯಾನುಗಳನ್ನು ಮಾರಾಟಕ್ಕಿಡುವುದು ಕಷ್ಟವೇನಲ್ಲ.

ನಾಲ್ಕನೆಯದು, ದೊಡ್ಡ ಟ್ಯಾಂಕು ನಿಜಕ್ಕೂ ಬೇಕಾದ ವಾಹನಗಳನ್ನು ಗುರುತಿಸುವುದು. ದಿನಗಟ್ಟಲೆ ಕಾಡಿನಲ್ಲಿ ಗಸ್ತು ತಿರುಗುವ ಅರಣ್ಯ ಇಲಾಖೆಯ ವಾಹನಗಳು, ಭೂಕುಸಿತದ ಸ್ಥಳಕ್ಕೆ ಧಾವಿಸುವ ಅಗ್ನಿಶಾಮಕ ಮತ್ತು ವಿಪತ್ತು ನಿರ್ವಹಣಾ ಪಡೆಗಳ ವಾಹನಗಳು, ವಿದ್ಯುತ್ ಮಾರ್ಗ ದುರಸ್ತಿಯ ಜೀಪುಗಳು ಈ ಪಟ್ಟಿಗೆ ಸೇರುತ್ತವೆ. ಇವುಗಳಿಗೆ ಪರೀಕ್ಷಿತ, ಅನುಮೋದಿತ ದೊಡ್ಡ ಟ್ಯಾಂಕನ್ನು ತಯಾರಕರೇ ಒದಗಿಸುವಂತೆ ಖರೀದಿಯ ಷರತ್ತಿನಲ್ಲಿ ಸೇರಿಸಬಹುದು. ಹಳೆಯ ವಾಹನಗಳಿಗಾಗಿ 52ನೇ ಸೆಕ್ಷನ್ನಿನ ಪರಂತುಕದಡಿ ಮಾನದಂಡ ರೂಪಿಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಕೋರಬಹುದು. ಮಾನದಂಡ ಒಮ್ಮೆ ರೂಪುಗೊಂಡರೆ ನಿಜವಾದ ಅಗತ್ಯವಿರುವ ಖಾಸಗಿಯವರಿಗೂ ಕಳ್ಳದಾರಿ ಹಿಡಿಯುವ ಪ್ರಮೇಯ ಬರುವುದಿಲ್ಲ.

ಉಳಿದ ನಾವು ನೀವು ಮಾಡಬೇಕಾದದ್ದು ಕಡಿಮೆ. ಆರಿದ್ರಾ ಮಳೆ ಹಿಡಿಯುವ ಮುನ್ನ ಸೌದೆ ಒಟ್ಟುವಷ್ಟೇ ಸಹಜವಾಗಿ ಟ್ಯಾಂಕನ್ನು ತುಂಬಿಸಿಡುವುದು, ಅರ್ಧಕ್ಕಿಳಿದರೆ ಮತ್ತೆ ತುಂಬಿಸುವುದು, ಪೆಟ್ರೋಲನ್ನು ಪ್ಲಾಸ್ಟಿಕ್ಕಿನಲ್ಲಿ ಒಯ್ಯದಿರುವುದು ಇಷ್ಟೇ. ಸರ್ಕಾರ ಮಾಡಬೇಕಾದದ್ದು ಮಾತ್ರ ಅದಕ್ಕಿಂತ ಹೆಚ್ಚಿದೆ. ಬಂಕು, ಆಸ್ಪತ್ರೆ, ಸರ್ವಋತು ರಸ್ತೆ ಈ ಮೂರೂ ಹತ್ತಿರವಾದಷ್ಟೂ ಜೀಪಿನ ಹೊಟ್ಟೆ ಚಿಕ್ಕದಿದ್ದರೂ ನಡೆಯುತ್ತದೆ. ಅವು ದೂರವೇ ಉಳಿದರೆ ಪ್ರತಿಯೊಬ್ಬನೂ ತನ್ನ ತನ್ನ ವಾಹನಕ್ಕೆ ತಗಡು ಬೆಸೆದುಕೊಳ್ಳುತ್ತ, ಬೆಂಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಘಟ್ಟ ಹತ್ತುತ್ತಾನೆ. ಅದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಾಗದು.